ಮೈಕ್ರೋ ಪ್ಯಾನೆಲ್‌ನಲ್ಲಿ ಬಾಲ್ ಸ್ವಲ್ಪ ಸವರಿದರೂ ಬಣ್ಣ ಎಗರುತ್ತಿದೆ

ತುಮಕೂರು ಎಡಿಟರ್:
ಬಣ್ಣ ತಿದ್ದುವ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್‌ಗೆ ಮೈಕ್ರೋ ಪ್ಯಾನೆಲ್ (ಮೂರು ಟ್ರ್ಯಾಕ್‌ಬಾಲ್, ನಾಬ್‌ಗಳಿರುವ ಕಂಟ್ರೋಲ್ ಬೋರ್ಡ್) ಜೋಡಿಸಿದ್ದೇನೆ. ಮದುವೆ ಫುಟೇಜು, ಸೋನಿ ಕ್ಯಾಮೆರಾ ಎರಡು, ಎಸ್-ಲಾಗ್3 (ಹೆಚ್ಚು ಬೆಳಕು-ನೆರಳು ಹಿಡಿಯಲು ಚಿತ್ರವನ್ನು ಮಂಕಾಗಿ ದಾಖಲಿಸುವ ಲಾಗ್ ಮೋಡ್). ಮೊದಲ ನೋಡ್‌ನಲ್ಲಿ (ತಿದ್ದುವ ಹಂತದಲ್ಲಿ) ಕರೆಕ್ಷನ್, ಕೊನೆಯ ನೋಡ್‌ನಲ್ಲಿ ರೆಕ್.709ಗೆ (ಮಾಮೂಲಿ ಟಿವಿ ಬಣ್ಣಕ್ಕೆ) ಕಲರ್ ಸ್ಪೇಸ್ ಟ್ರಾನ್ಸ್‌ಫಾರ್ಮ್. ಗಾಮಾ (ಮಿಡ್‌ಟೋನ್) ಬಾಲ್ ಮುಟ್ಟಿದರೆ ಸಾಕು, ಮುಖ ಹಸಿರಿಗೋ ಕೆಂಪಿಗೋ ಹೋಗುತ್ತೆ. ಮೌಸ್‌ನಲ್ಲೇ ಹೆಚ್ಚು ಹಿಡಿತ ಇತ್ತು. ಪ್ಯಾನೆಲ್ ಕೆಟ್ಟಿದೆಯಾ? ಜೊತೆಗೆ ಅರ್ಧ ಗಂಟೆ ಬಿಟ್ಟು ಬಂದರೆ ಪ್ಯಾನೆಲ್ ಸ್ಪಂದಿಸಲ್ಲ, ಕೇಬಲ್ ಕಿತ್ತು ಹಾಕಬೇಕು.

ಕೋಲಾರ ಕಲರ್:
ಪ್ಯಾನೆಲ್ ಕೆಟ್ಟಿಲ್ಲ ಸರ್. ನೀವು ಬಾಲ್ ತಿರುಗಿಸುತ್ತಿರುವುದು ಲಾಗ್ ಚಿತ್ರದ ಮೇಲೆ. ಎಸ್-ಲಾಗ್3ರಲ್ಲಿ 10-ಬಿಟ್ ಲೆಕ್ಕಕ್ಕೆ (0ರಿಂದ 1023) ಕಪ್ಪು 95, ಮಿಡ್ ಗ್ರೇ 420, ಬಿಳಿ ಕಾಗದದಷ್ಟು ಬಿಳಿ 598. ಅಂದರೆ ಮುಖ, ಸೀರೆ, ಗೋಡೆ ಎಲ್ಲಾ ಸುಮಾರು 500 ಮೆಟ್ಟಿಲಲ್ಲಿ ಒತ್ತಿಕೊಂಡಿವೆ. ಕೊನೆಯ ಟ್ರಾನ್ಸ್‌ಫಾರ್ಮ್ ಅದನ್ನು ಎಳೆದು ಅಗಲ ಮಾಡುವಾಗ ನಿಮ್ಮ ಬಾಲಿನ ಚಲನೆಯನ್ನೂ ಎಳೆಯುತ್ತೆ.

ಹಾಗಂತ ಕರೆಕ್ಷನ್ ನೋಡನ್ನು ಟ್ರಾನ್ಸ್‌ಫಾರ್ಮ್ ಆದಮೇಲೆ ಇಡಬೇಡಿ. ಅಲ್ಲಿ ಹೈಲೈಟ್ ಆಗಲೇ ಒತ್ತಿಕೊಂಡಿರಬಹುದು, ತಿದ್ದೋದು ಕಷ್ಟ. ನೋಡ್ ಇದ್ದಲ್ಲೇ ಇರಲಿ, ಆಫ್‌ಸೆಟ್ (ಇಡೀ ಚಿತ್ರವನ್ನು ಒಟ್ಟಿಗೆ ಸರಿಸುವ) ಬಟನ್ ಒತ್ತಿ ಬಲಗಡೆ ಬಾಲ್ ಬಳಸಿ. ಲಾಗ್‌ನಲ್ಲಿ ಆಫ್‌ಸೆಟ್ ಹೆಚ್ಚುಕಮ್ಮಿ ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್ ತಿದ್ದಿದ ಹಾಗೆಯೇ. ಆಮೇಲೆ ಕಾಂಟ್ರಾಸ್ಟ್ ನಾಬ್. ಪಿವಟ್ (ಕಾಂಟ್ರಾಸ್ಟ್ ಬದಲಿಸಿದರೂ ಕದಲದ ಬೆಳಕಿನ ಮಟ್ಟ) ಸಾಮಾನ್ಯವಾಗಿ 0.435 ಇರುತ್ತೆ, ಎಸ್-ಲಾಗ್3ಗೆ 0.41 ಮಾಡಿ. ಮೊದಲೇ ಡಾವಿಂಚಿ ಇಂಟರ್ಮೀಡಿಯೆಟ್‌ಗೆ (ರಿಸಾಲ್ವ್‌ನದೇ ಲಾಗ್) ತಂದಿದ್ದರೆ 0.336. ಪಿವಟ್ ತಪ್ಪಿದರೆ ಕಾಂಟ್ರಾಸ್ಟ್ ಏರಿಸಿದಂತೆ ಮುಖವೇ ಕಪ್ಪಾಗುತ್ತೆ ಅಥವಾ ಬೆಳಗುತ್ತೆ, ಎಷ್ಟೋ ಜನ ಇಲ್ಲೇ ಎಡವೋದು. ಲಿಫ್ಟ್ (ನೆರಳು), ಗಾಮಾ, ಗೇನ್ (ಹೈಲೈಟ್) ಕೊನೆಯಲ್ಲಿ ಚೂರುಪಾರಿಗೆ ಮಾತ್ರ.

ಇಷ್ಟಾದ ಮೇಲೂ ಬಾಲ್ ಚುರುಕು ಅನ್ನಿಸಿದರೆ ಪ್ರಿಫರೆನ್ಸಸ್, ಯೂಸರ್, ಕಂಟ್ರೋಲ್ ಪ್ಯಾನೆಲ್ಸ್‌ನಲ್ಲಿ ಸೆನ್ಸಿಟಿವಿಟಿ ಇಳಿಸಿ. ಅದನ್ನೇ ಮೊದಲು ಮಾಡಿದರೆ ಕಾರಣ ಅಲ್ಲೇ ಉಳಿಯುತ್ತೆ.

ಚಿಕ್ಕಬಳ್ಳಾಪುರ ವಿಡಿಯೋ:
ಸ್ಪಂದಿಸದಿರೋದು ಯುಎಸ್‌ಬಿ ನಿದ್ದೆಯಿಂದ ಇರಬೇಕು. ವಿಂಡೋಸ್ ಪವರ್ ಆಪ್ಷನ್ಸ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಡಿಸೇಬಲ್ ಮಾಡಿ. ಸ್ವಂತ ಅಡಾಪ್ಟರ್ ಇಲ್ಲದ ಹಬ್ ಬೇಡ, ನೇರ ಸಿಪಿಯು ಹಿಂದಿನ ಪೋರ್ಟ್‌ಗೆ ಹಾಕಿ.

ಒಂದು ಮಾತು: ಪ್ಯಾನೆಲನ್ನು ಒಂದೇ ಕೈಯಲ್ಲಿ ಬಳಸಿದರೆ ಅದು ದುಬಾರಿ ಮೌಸ್ ಅಷ್ಟೇ. ಎಡಗೈಯಲ್ಲಿ ಲಿಫ್ಟ್ ರಿಂಗ್ ಇಳಿಸುತ್ತಾ ಅದೇ ಹೊತ್ತಿಗೆ ಬಲಗೈಯಲ್ಲಿ ಗೇನ್ ರಿಂಗ್ ಏರಿಸಿ, ಕಣ್ಣು ಪರೇಡ್ (ಕೆಂಪು, ಹಸಿರು, ನೀಲಿ ಮಟ್ಟ ಬೇರೆಬೇರೆಯಾಗಿ ತೋರಿಸುವ ಗ್ರಾಫ್) ಮೇಲಿರಲಿ. ಲಿಫ್ಟ್ ಇಳಿಸಿದಾಗ ಮಿಡ್‌ಟೋನೂ ಸ್ವಲ್ಪ ಇಳಿಯುತ್ತೆ, ಗೇನ್ ಅದನ್ನು ಆಗಿಂದಾಗಲೇ ಎತ್ತಿ ಹಿಡಿಯುತ್ತೆ. ಮೌಸ್‌ನಲ್ಲಿ ಇದಕ್ಕೆ ಹತ್ತು ಸಲ ಹಿಂದೆ ಮುಂದೆ ಓಡಾಡಬೇಕು. ನಾಬ್ ತಪ್ಪಿದರೆ ಅದನ್ನೇ ಒತ್ತಿ, ಅದೊಂದು ಮಾತ್ರ ರೀಸೆಟ್ ಆಗುತ್ತೆ.

ತುಮಕೂರು ಎಡಿಟರ್:
ಆಫ್‌ಸೆಟ್, ಪಿವಟ್ 0.41, ಎರಡೂ ಮಾಡಿದೆ, ಬಾಲ್ ಹತೋಟಿಗೆ ಬಂತು. ಆದರೆ ಎರಡನೇ ಕ್ಯಾಮೆರಾದ ನೆರಳು ಇನ್ನೂ ನೀಲಿ. ಬಾಗಿಲ ಕಡೆಯಿಂದ ಬಿಸಿಲು, ಮಂಟಪದಲ್ಲಿ ಹಳದಿ ಎಲ್‌ಇಡಿ.

ಕೋಲಾರ ಕಲರ್:
ಎರಡೂ ಕ್ಯಾಮೆರಾಗೆ ಕಾಣುವ ವಸ್ತು ಹಿಡಿದುಕೊಳ್ಳಿ: ವಧುವಿನ ಜಡೆ ಕಪ್ಪಿಗೆ, ಮುಡಿದ ಮಲ್ಲಿಗೆ ಬಿಳಿಗೆ. ಮಲ್ಲಿಗೆ ಅಪ್ಪಟ ಬಿಳಿಯಾಗಬೇಕಿಲ್ಲ, ಎರಡು ಶಾಟ್‌ನಲ್ಲೂ ಒಂದೇ ಥರ ಕಂಡರೆ ಸಾಕು. ಮೊದಲ ಕ್ಯಾಮೆರಾದ ಸ್ಟಿಲ್ ಗ್ರ್ಯಾಬ್ ಮಾಡಿ, ವೈಪ್ ಹಾಕಿ (ಎರಡೂ ಶಾಟ್ ಪಕ್ಕಪಕ್ಕ ಕಾಣುತ್ತೆ), ಮಲ್ಲಿಗೆ ಆಫ್‌ಸೆಟ್‌ನಲ್ಲಿ ಕೂಡಿಸಿ. ಆಮೇಲೂ ಜಡೆ ನೀಲಿ ಇದ್ದರೆ ಲಿಫ್ಟ್ ಬಾಲನ್ನು ಹಳದಿ ಕಡೆಗೆ ಕೂದಲೆಳೆಯಷ್ಟು, ಪರೇಡ್‌ನಲ್ಲಿ ಜಡೆಯ ಮೂರೂ ಬಣ್ಣದ ಬುಡ ಸಮ ಆಗುವವರೆಗೆ ತಳ್ಳಿ. ಲಿಫ್ಟ್ ಮುಟ್ಟಿದ ಮೇಲೆ ಮಲ್ಲಿಗೆ ಮತ್ತೆ ನೋಡಿ, ಚೂರು ಜಾರಿರುತ್ತೆ.

ಅರಿಶಿನ ಶಾಸ್ತ್ರದ ಶಾಟ್‌ಗಳಲ್ಲಿ ಮಾತ್ರ ವೆಕ್ಟರ್‌ಸ್ಕೋಪ್‌ನ (ಬಣ್ಣದ ದಿಕ್ಕು ತೋರಿಸುವ ಗ್ರಾಫ್) ಸ್ಕಿನ್ ಗೆರೆಗೆ ಮುಖ ಎಳೆಯಬೇಡಿ. ಚರ್ಮದ ಮೇಲೆ ನಿಜವಾಗಿಯೂ ಅರಿಶಿನ ಇದೆ, ಗೆರೆಗೆ ತಂದರೆ ಹಿಂದಿನ ಬಿಳಿ ಗೋಡೆ ನೀಲಿ ತಿರುಗುತ್ತೆ.