ಸಹಾಯ ಬೇಕು: ನಾಲೆ ಕೆಲಸಕ್ಕೆ ಬಾಳಿಕೆ ಬರುವ ಸೇಫ್ಟಿ ಶೂ ಯಾವುದು?

ಎಲ್ಲರಿಗೂ ನಮಸ್ಕಾರ. ನಮ್ಮಣ್ಣ ಮಂಡ್ಯದ ಹತ್ತಿರ ನಾಲೆ ಲೈನಿಂಗ್ ಕೆಲಸದಲ್ಲಿದ್ದಾರೆ. ಬೆಳಿಗ್ಗೆ ಕೆಸರು, ಮಧ್ಯಾಹ್ನ ಕಾದ ಜಲ್ಲಿ. ಕಂಟ್ರಾಕ್ಟರ್ ಕೊಟ್ಟ ಶೂ ಒಂದು ಮಳೆಗಾಲವೂ ಬಾಳಲಿಲ್ಲ. ಮೇಲಿನ ಚರ್ಮ ಚೆನ್ನಾಗೇ ಇದೆ, ಸೋಲ್ ಮಾತ್ರ ರಸ್ಕಿನ ಥರ ಪುಡಿಪುಡಿ. ಪಿಯು (ಪಾಲಿಯುರೆಥೇನ್ ಅನ್ನೋ ಹಗುರ ಪ್ಲಾಸ್ಟಿಕ್) ಸೋಲ್ ತೇವಕ್ಕೆ ಹಾಗಾಗುತ್ತದೆ ಅಂತಾರೆ. ಹಾಗಾದ್ರೆ ನೈಟ್ರೈಲ್ ರಬ್ಬರ್ ಸೋಲ್ ವಾಸಿನಾ? ಅದು ತೂಕ ಜಾಸ್ತಿ ಅಲ್ವಾ, ದಿನವಿಡೀ ಹಾಕಿಕೊಂಡು ಓಡಾಡಲು ಆಗುತ್ತದಾ? ಗಮ್‌ಬೂಟ್ ಹಾಕು ಅಂದ್ರೆ ಕಾಲು ಬೆಂದು ಹೋಗುತ್ತದೆ ಅಂತ ಬೈಯುತ್ತಾರೆ.

ಐಎಸ್‌ಐ ಮಾರ್ಕ್, ಐಎಸ್ 15298 (ಸೇಫ್ಟಿ ಶೂಗಳ ಭಾರತೀಯ ಮಾನದಂಡ), 200 ಜೌಲ್ ಹೊಡೆತ ತಡೆಯುವ ಟೋ (ಬೆರಳು ಕಾಯುವ ಗಟ್ಟಿ ಮುಂಭಾಗ) ಇರಲೇಬೇಕು. ಅದರಲ್ಲಿ ರಾಜಿ ಇಲ್ಲ. ಸ್ಟೀಲ್ ಟೋನಾ, ಕಾಂಪೋಸಿಟ್ (ಲೋಹವಲ್ಲದ) ಟೋನಾ ಅನ್ನೋದೇ ಗೊಂದಲ. ಕಾಂಪೋಸಿಟ್ ಹಗುರ, ಬಿಸಿಲಿಗೆ ಅಷ್ಟು ಕಾಯುವುದಿಲ್ಲ, ಆದ್ರೆ ದುಡ್ಡು ಜಾಸ್ತಿ.

ಅವರ ಪಾದ ಬೇರೆ ಅಗಲ. ಕಿರುಬೆರಳು ಟೋ ಕ್ಯಾಪಿನ ಅಂಚಿಗೆ ಉಜ್ಜಿ ಆಣಿ ಆಗಿದೆ. ಒಂದು ನಂಬರ್ ದೊಡ್ಡದು ತಗೊಂಡರೆ ಹಿಮ್ಮಡಿ ಜಾರುತ್ತದೆ. ಅಗಲ ಪಾದಕ್ಕೆ ಸರಿಯಾಗಿ ಕೂರುವುದು ಯಾವುದು?

ಆನ್‌ಲೈನ್ ಬೇಡ. ಸಂಜೆ ಕಾಲು ಸ್ವಲ್ಪ ಊದಿರುವಾಗ, ದಪ್ಪ ಸಾಕ್ಸ್ ಹಾಕಿ, ಅಂಗಡಿಯಲ್ಲೇ ನಡೆದು ನೋಡಬೇಕು. ಮಂಡ್ಯದಲ್ಲಿ ಇಲ್ಲವೇ ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾ ಕಡೆ ಅಂಥ ಅಂಗಡಿ ಇದೆಯಾ? ಬಜೆಟ್ 2,000 ರೂಪಾಯಿ ಒಳಗೆ. ಹಾಕಿ ಸವೆಸಿದವರು ಹೇಳಿ, ಸುಮ್ನೆ ಲಿಂಕ್ ಹಾಕಬೇಡಿ.