ಸಹಾಯ ಬೇಕು: ಕೋಸ್ಟರಿಕಾದ ಕಾಡಿನ ಪಾಠ

ಒಂಬತ್ತನೇ ತರಗತಿಗೆ ಕೋಸ್ಟರಿಕಾದ ನಿಸರ್ಗದ ಪಾಠ ಮಾಡುತ್ತಿದ್ದೇನೆ. ಜ್ವಾಲಾಮುಖಿ, ಮಂಜು ಮುಸುಕಿದ ಬೆಟ್ಟದ ಕಾಡು, ಎರಡು ಕಡೆಯ ಕಡಲತೀರ ಇವಕ್ಕೆಲ್ಲ ಚಿತ್ರಗಳೇ ಸಾಕು. ತೊಡಕಿರುವುದು ಸಂರಕ್ಷಣೆಯಲ್ಲಿ. ದನಗಳ ಹುಲ್ಲುಗಾವಲಿಗೆಂದು ಕಾಡು ಕಡಿದು ಬೋಳಾಗಿದ್ದ ದೇಶದಲ್ಲಿ ಈಗ ಅರ್ಧದಷ್ಟು ನೆಲ ಮತ್ತೆ ಕಾಡು. 1996ರ ಅರಣ್ಯ ಕಾಯ್ದೆಯ ಪ್ರಕಾರ, ಮರ ಉಳಿಸಿಕೊಂಡ ಜಮೀನುದಾರರಿಗೆ ಸರ್ಕಾರ ಹಣ ಕೊಡುತ್ತದೆ. ಅದರ ಬಹುಪಾಲು ಇಂಧನ ತೆರಿಗೆಯದು. ಇಷ್ಟು ಹೇಳುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗಿ, "ಕಡಿಯದೆ ಸುಮ್ಮನಿರುವುದಕ್ಕೂ ಸಂಬಳವೇ ಮೇಡಂ?" ಎಂದಳು. ಪ್ರಶ್ನೆ ನನ್ನ ಟಿಪ್ಪಣಿಗಿಂತ ಚೆನ್ನಾಗಿತ್ತು!

ಮಕ್ಕಳನ್ನೇ ದನ ಸಾಕುವವರು, ಅರಣ್ಯಾಧಿಕಾರಿ, ಪ್ರವಾಸಿ ಎಂದು ವಿಂಗಡಿಸಿ ಚರ್ಚೆ ಮಾಡಿಸುವ ಯೋಚನೆಯಿದೆ. ಯಾರಾದರೂ ಹೀಗೆ ಮಾಡಿಸಿದ್ದೀರಾ? ನಲವತ್ತು ನಿಮಿಷದಲ್ಲಿ ಮುಗಿಯುತ್ತದೆಯೇ? ಕಾಡಿನ ಹಳೆಯ, ಹೊಸ ಉಪಗ್ರಹ ಚಿತ್ರಗಳಿದ್ದರೆ ದಯವಿಟ್ಟು ಹಂಚಿಕೊಳ್ಳಿ. ಸೋಮವಾರವೇ ಪಾಠ.