ಕುಬಸಕ್ಕ ಹಿತ್ತಲದ ಸೂರ್ಯಕಾಂತಿ: ಸಂಜಿತನಕ ಬಾಡದಂಗ ಇಡೂದು ಹ್ಯಾಂಗ?

ಕುಕನೂರಿನಾಕಿ

ಎಲ್ಲಾರಿಗೂ ನಮಸ್ಕಾರ್ರೀ. ಮೇ ಎರಡನೇ ವಾರ ಬಸರಿ ತಂಗಿ ಕುಬಸ (ಸೀಮಂತ), ನಮ್ಮ ಮನಿಯಾಗ. ಮಾರ್ಚ್ ಮೊದಲ ವಾರ ಹಿತ್ತಲದಾಗ ಸೂರ್ಯಕಾಂತಿ ಊರಿದ್ದೆ. 60 ಗಿಡ ಎದ್ದಾವ, ಈಗ ಮೊಗ್ಗಿ ಹಿಡದಾವ. ಪ್ಲಾಸ್ಟಿಕ್ ಹೂವಿನ ಪರದೆ ಕಟ್ಟಾಕ ಬಂದಾಂವ 8,000 ರೂಪಾಯಿ ಹೇಳಿದ. ಕಣ್ಣ ಮುಂದ ಇಷ್ಟು ಹೂ ಇಟ್ಕೊಂಡು ಪ್ಲಾಸ್ಟಿಕ್ ಯಾಕ ಅಂತ ಅವನ್ನ ಕಳಿಸಿಬಿಟ್ಟೆ. ಈಗ ಒಳಗೊಳಗ ಹೆದರಿಕಿ. ಹೋದ ವರ್ಷ ಮಧ್ಯಾಹ್ನ ಊಟ ಆದ ಮ್ಯಾಲೆ 4 ಹೂ ಕೊಯ್ದು ಸ್ಟೀಲ್ ತಂಬಿಗ್ಯಾಗ ಇಟ್ಟಿದ್ದೆ, ಚಾ ಹೊತ್ತಿಗೆ ನಾಲ್ಕೂ ಗೋಣು ಹಾಕಿದ್ವು. ಕಾರ್ಯ ಮುಂಜಾನೆ 11ಕ್ಕ, ಮಂದಿ ಸಂಜಿತನಕ ಇರ್ತಾರ. ಅಲ್ಲಿತನಕ ನಿಲ್ಲಬೇಕಂದ್ರ ಏನು ಮಾಡಬೇಕು? ಎಲ್ಲೆಲ್ಲಿ ಇಟ್ರ ಚಂದ? ಮಾಡಿ ನೋಡಿದವರು ಹೇಳ್ರಿ. ನಮ್ಮಜ್ಜಿ ಅಂತೂ "ಎಣ್ಣಿ ಬೆಳಿ ಹೂವು ಯಾರರೆ ಪಡಸಾಲ್ಯಾಗ ಇಡ್ತಾರೇನ" ಅಂತ ದಿನಾ ನಗತಾಳ.

ಸಿಂಧನೂರು ಹೊಲದಾಂವ

ತಂಗೀ, ಮಧ್ಯಾಹ್ನ ಕೊಯ್ದದ್ದಕ್ಕ ಗೋಣು ಹಾಕ್ಯಾವ, ಹೂವಿನ ತಪ್ಪೇನಿಲ್ಲ. 40 ಡಿಗ್ರಿ ಬಿಸಿಲಾಗ ಆ ಅಗಲ ಎಲಿಗಳು ಬೇರು ಎಳದ ನೀರೆಲ್ಲಾ ಗಾಳಿಗೆ ಬಿಡ್ತಾವ, ಗಿಡದಾಗ ಇರೂವಾಗನ ಜೋತು ಬಿದ್ದಿರ್ತಾವ. ರಾತ್ರಿ ಪೂರ್ತಿ ನೀರು ಕುಡದು ಬೆಳಗಿನ ಜಾವಕ್ಕ ಮತ್ತ ಬಿಗಿ ಆಗ್ತಾವ. ಹೊತ್ತು ಹುಟ್ಟೂದ್ರಾಗ ಕೊಯ್ಯಿ. ಬಕೆಟ್ ನೀರು ಸಂಗಾಟ ಒಯ್ಯಿ, ಕೊಯ್ದಲ್ಲೇ ನೀರಿಗೆ ಇಳಸು.

ಯಾವ ಹೂ ಕೊಯ್ಯೂದು ಅನ್ನೂದು ಇನ್ನೂ ದೊಡ್ಡ ಮಾತು. ನಡುವಿನ ಬಟ್ಟಲ ನೋಡು. ನಾವು ಒಂದು ಹೂ ಅಂತೀವಲ್ಲ, ಅದರಾಗ ನೂರಾರು ಸಣ್ಣ ಹೂ ಅದಾವ, ಅಂಚಿನಿಂದ ಒಳಗ ಸುತ್ತು ಸುತ್ತಾಗಿ ಅರಳಕೋತ ಹೋಗ್ತಾವ. ಹಳದಿ ಎಸಳು ಬಟ್ಟಲ ಬಿಟ್ಟು ಈಗ ಏಳಾಕ ಹತ್ತಿರಬೇಕು, ಅಂಚಿನ ಸುತ್ತು ಇನ್ನೂ ಬಿಚ್ಚಿರಬಾರದು. ಆ ಹದಕ್ಕ ಕೊಯ್ದದ್ದು ಮನಿಯಾಗ ಅರಳತೈತಿ, ನೀರು ಛಲೋ ಸಿಕ್ರ ವಾರ ನಿಲ್ಲತೈತಿ. ನಡುವಿನ ತನಕ ಹಳದಿ ಪುಡಿ ಕಂಡ್ರ ಅದನ್ನ ಜೇನಿಗೆ ಬಿಡು, ಎಸಳು ಉದುರೂ ಹೊತ್ತು ಬಂದೈತಿ.

ಇನ್ನೊಂದು, ಗಿಡಕ್ಕ ಔಷಧಿ ಹೊಡದಿದ್ರ ಆ ಹೂ ಬಸರಿ ಹೆಣಮಗಳ ಬಾಜೂಕ ಇಡಬ್ಯಾಡ.

ಮುಂದಿನ ಸಲ ಹೂದಾನಿಗೇ ಅಂತ ಬೆಳಿಯೂದಾದ್ರ ದಟ್ಟ ಊರು. ಹೊಲದಾಗ ಸಾಲಿಂದ ಸಾಲಿಗೆ 60, ಗಿಡದಿಂದ ಗಿಡಕ್ಕ 30 ಸೆಂ.ಮೀ. ಬಿಡ್ತೀವಿ, ಅದು ತೆನಿ ದೊಡ್ಡದಾಗಿ ಕಾಳು ತುಂಬಲಿ ಅಂತ. ತಂಬಿಗ್ಯಾಗ ಇಡಾಕ ತಾಟಿನಷ್ಟು ಹೂ ಯಾಕ ಬೇಕು? 15 ಸೆಂ.ಮೀ.ಗೆ ಒಂದು ಊರಿದ್ರ ಹೂ ಸಣ್ಣದಾಗತೈತಿ, ದಂಟು ಅದರ ಭಾರ ತಡೀತೈತಿ.

ನಾ ಸಣ್ಣಾಂವ ಇದ್ದಾಗ ಮಸ್ಕಿ ದಾರಿಗೆ ಎರಡೂ ಕಡೆ ಬರೇ ಇದರ ಹಳದಿ. ಈಗ ಕಾಲುವಿ ನೀರು ಬಂದಲ್ಲಿ ನೆಲ್ಲು, ಉಳದಲ್ಲಿ ತೊಗರಿ, ಕಡಲಿ. ಇಷ್ಟು ವರ್ಷ ಬೆಳದ್ರೂ ಒಂದು ಹೂ ಮನಿ ಒಳಗ ತಂದಿಟ್ಟ ನೆನಪಿಲ್ಲ ನೋಡು. ನಿಮ್ಮಜ್ಜಿ ನಗೂದು ಸುಳ್ಳಲ್ಲ.

ಬಳ್ಳಾರಿ ಟೀಚರ್

ಅಣ್ಣ ಹೇಳಿದ್ದು ಸರಿ, ಆದರೆ ಒಂದು ತಕರಾರಿದೆ. ಕಾರ್ಯದ ದಿನವೇ ಕೊಯ್ಯಬೇಡಿ. ಹಿಂದಿನ ದಿನ ಬೆಳಿಗ್ಗೆ ಕೊಯ್ದು, ಮೇಲಿನ ಎರಡು ಮೂರು ಎಲೆ ಬಿಟ್ಟು ಉಳಿದದ್ದನ್ನೆಲ್ಲ ತೆಗೆದು, ಎತ್ತರದ ಬಕೆಟ್‌ನಲ್ಲಿ ಮುಕ್ಕಾಲು ದಂಟು ಮುಳುಗುವಷ್ಟು ನೀರಲ್ಲಿ ಕತ್ತಲ ಕೋಣೆಯಲ್ಲಿಡಿ. ಒಂದು ಹಗಲು ಒಂದು ರಾತ್ರಿ ಕುಡಿದ ದಂಟು ಕೋಲಿನ ಹಾಗೆ ನಿಲ್ಲುತ್ತದೆ. ನಮ್ಮ ಮನೆಯಲ್ಲಿ ತಂಪು ಇರುವುದು ಬಚ್ಚಲಲ್ಲಿ ಮಾತ್ರ, ಅಲ್ಲೇ ಇಡುತ್ತೇನೆ. ಅವತ್ತು ಮನೆಯವರ ಸ್ನಾನ ಸ್ವಲ್ಪ ಇಕ್ಕಟ್ಟು!

ಇಷ್ಟಕ್ಕಿಂತ ಮುಖ್ಯವಾದದ್ದು ನೀರು. ನಮ್ಮ ಬೋರ್ ನೀರು ಸವಳು, ಪಾತ್ರೆಗೆ ಬಿಳಿ ಪದರ ಕಟ್ಟುತ್ತದೆ. ಹೋದ ಬೇಸಿಗೆಯಲ್ಲಿ ಒಂದೇ ದಿನ ಕೊಯ್ದ 6 ಹೂಗಳಲ್ಲಿ ಮೂರನ್ನು ಬೋರ್ ನೀರಲ್ಲಿ, ಮೂರನ್ನು ಕುಡಿಯುವ ಫಿಲ್ಟರ್ ನೀರಲ್ಲಿ ಇಟ್ಟು ನೋಡಿದೆ. ಬೋರ್ ನೀರಿನವು ನಾಲ್ಕನೇ ದಿನ ಜೋತವು, ಫಿಲ್ಟರಿನವು ಏಳು ದಿನ ಎಳೆದವು. ಈ ಹೂ ಕುಡಿಯುವುದೂ ಹೆಚ್ಚು. ಬೆಳಿಗ್ಗೆ ಮುಕ್ಕಾಲು ತುಂಬಿಸಿದ ಬಿಂದಿಗೆ ಸಂಜೆ ಇಣುಕಿದರೆ ಅರ್ಧಕ್ಕೆ ಇಳಿದಿರುತ್ತದೆ. ಎಲೆ ನೀರಲ್ಲಿ ಮುಳುಗಿದ್ದರೆ ಕೊಳೆತು ನಾರುತ್ತದೆ, ಆ ಲೋಳೆಯೇ ದಂಟಿನ ಬಾಯಿ ಮುಚ್ಚುವುದು. ಎರಡು ದಿನಕ್ಕೊಮ್ಮೆ ನೀರು ಬದಲಿಸಿ, ದಂಟಿನ ತುದಿಯನ್ನು ಓರೆಯಾಗಿ ಒಂದು ಬೆರಳಷ್ಟು ಮತ್ತೆ ಕತ್ತರಿಸಿ. ಸಕ್ಕರೆ ಹಾಕಿ ಅಂತ ಯಾರಾದರೂ ಹೇಳಿಯಾರು. ಬರೀ ಸಕ್ಕರೆ ಹಾಕಿದರೆ ಆ ಲೋಳೆಗೇ ಊಟ ಹಾಕಿದ ಹಾಗೆ.

ಕೂಲರ್ ಎದುರಿಗೆ ಮಾತ್ರ ಇಡಬೇಡಿ. ನಮಗೆ ತಂಪು ಗಾಳಿ, ಹೂವಿಗೆ ಅದು ಒಣಗಿಸುವ ಗಾಳಿ.

ಗಂಗಾವತಿ

ಕೊಯ್ಯುವಾಗ ತುಂಬು ತೋಳಿನ ಅಂಗಿ ಹಾಕ್ಕೊಳ್ರಿ. ದಂಟಿನ ಮ್ಯಾಲಿನ ಒರಟು ಕೂದಲು ತಾಗಿ ಮೊಣಕೈತನಕ ಕೆರಕೊಂಡೀನಿ. ಹೂವಿನ ಹಳದಿ ಪುಡಿ ಬಿಳಿ ಮೇಜುಹಾಸಿನ ಮ್ಯಾಲೆ ಬಿದ್ರ ಒದ್ದಿ ಬಟ್ಟಿ ಹಚ್ಚಬ್ಯಾಡ್ರಿ, ಕಲಿ ಕೂತು ಬಿಡತೈತಿ. ಕೊಡವ್ರಿ, ಇಲ್ಲಾ ಸೆಲೋಟೇಪ್ ಒತ್ತಿ ಎತ್ರಿ. ಪುಡಿ ಉದುರದ ತಳಿ ಬೀಜನೂ ಅಂಗಡ್ಯಾಗ ಬರ್ತಾವ, ಆದ್ರ ಎಣ್ಣಿಗೆ ಬೆಳಿಯೂ ತಳಿ ಹಾಕಿದ್ರ ಪುಡಿ ಗ್ಯಾರಂಟಿ.

ಮಾನ್ವಿ ಅತ್ತಿ

ಅವ್ವಾ, ಹೂವು ಬಾಡೂದರ ಬಗ್ಗೆ ಎಲ್ಲಾರೂ ಹೇಳಿದ್ರು, ಎಲ್ಲಿ ಇಡೂದು ಅನ್ನೂದು ನಾ ಹೇಳ್ತೀನಿ. ಮಗಳ ಕುಬಸದಾಗ ನಾನೂ ಇದನ್ನ ಮಾಡೀನಿ.

ಸ್ಟೀಲ್ ತಂಬಿಗಿ ಬ್ಯಾಡ. ಹಗುರ ಇರತೈತಿ, ಎತ್ತರದ ಹೂ ಇಟ್ಟಕೂಡ್ಲೆ ತಲಿ ಭಾರಕ್ಕ ಬೀಳತೈತಿ. ಹಿತ್ತಾಳಿ ಕೊಡ ಇದ್ದರ ಹುಣಸಿಹಣ್ಣು ಹಚ್ಚಿ ತಿಕ್ಕಿ ತೆಗಿ. ಇಲ್ಲಂದ್ರ ಮಣ್ಣಿನ ಹರವಿ, ಬ್ಯಾಸಿಗ್ಯಾಗ ಅದರ ನೀರೂ ತಣ್ಣಗಿರತೈತಿ. ಹರವಿ ಬಾಯಿ ಅಗಲಾಗಿ ಹೂ ಒಂದೊಂದು ದಿಕ್ಕಿಗೆ ಬಿದ್ರ, ಒಳಗ ಜ್ವಾಳದ ದಂಟಿನ ಸಿವುಡು ಕಟ್ಟಿ ಇಳಸು, ಅದರ ಸಂದ್ಯಾಗ ಹೂ ಸಿಗಿಸು. ಬಸರಿ ಹೆಣಮಗಳ ಕುರ್ಚಿ ಎಡಕ್ಕ ಒಂದು, ಬಲಕ್ಕ ಒಂದು. ಹಸರು ಸೀರಿ, ಹಸರು ಬಳಿ, ಬಾಜೂಕ ಹಳದಿ ಹೂ. ಮತ್ತೇನೂ ಬೇಕಾಗಂಗಿಲ್ಲ. ಬ್ಯಾರೆ ಹೂ ಒಂದೂ ಕೂಡಸಬ್ಯಾಡ, ಮಾವಿನ ಎಲಿ ಸಾಕು. ನಾ ಚೆಂಡುಹೂ ಕೂಡಸಿ ಕೆಡಿಸ್ಕೊಂಡಿದ್ದೆ. ಎರಡೂ ಹಳದಿ, ಒಂದಕ್ಕೊಂದು ನುಂಗಿದ್ವು.

ಹಿಂದಿನ ಪರದೆಗೆ ಈ ಹೂ ಕಟ್ಟೂ ಆಸೆ ಬಿಡು, ನೀರಿಲ್ದ ಎರಡು ತಾಸಿಗೆ ಜೋಲತಾವ. ಕಟ್ಟಲೇಬೇಕಂದ್ರ ಖಾಲಿ ಔಷಧಿ ಬಾಟ್ಲಿ ತೊಳದು ನೀರು ತುಂಬಿ, ದಾರದಿಂದ ಎಲಿ ಹಿಂದ ಕಟ್ಟಿ, ಗಿಡ್ಡ ದಂಟಿನ ಸಣ್ಣ ಹೂ ಅದರಾಗ ಇಳಸು. ನಮ್ಮ ಅಳಿಯ ಹಂಗ 9 ಬಾಟ್ಲಿ ಕಟ್ಟಿದ್ದ, ಯಾರಿಗೂ ಗೊತ್ತಾಗಲಿಲ್ಲ.

ದಂಟು ಮುರದ ಹೂ ಚೆಲ್ಲಬ್ಯಾಡ. ಅಗಲ ಬೋಗಣಿಯಾಗ ನೀರು ಹಾಕಿ ತೇಲಿಬಿಟ್ಟು ಹೊಸ್ತಿಲ ಮುಂದ, ರಂಗೋಲಿ ನಡುವ ಇಡು.

ಕೊಪ್ಪಳ, ಕಿನ್ನಾಳ ರಸ್ತೆ

ನಮ್ಮಲ್ಲಿ ಶೋಕೇಸಿನಾಗ ಕಿನ್ನಾಳ ಗೊಂಬಿ ಇದ್ವು, ಹರವಿ ಪಕ್ಕದಾಗ ಎರಡು ಗಿಳಿ ಗೊಂಬಿ ಇಟ್ಟಿದ್ದೆ. ಹೊಲದಾಗ ನಿಜವಾದ ಗಿಳಿ ಕಾಳು ತಿಂತಾವ, ಮನಿಯಾಗ ಕಟ್ಟಿಗಿ ಗಿಳಿ ಕಾಯ್ತಾವ ಅಂತ ಬಂದವರೆಲ್ಲಾ ನಕ್ರು. ಹಗುರ ಕಟ್ಟಿಗಿ ಮ್ಯಾಲೆ ಹಚ್ಚಿದ ಬಣ್ಣ ಅದು, ಹರವಿ ಬೆವತು ನೀರು ಹರದು ಹೋಗಿ ಕೂತ್ರ ಹಾಳು. ಗೊಂಬಿ ಕೆಳಗ ಕೂಡೂ ಮಣಿ ಇಟ್ಟು ಎತ್ತರಿಸಿ ಇಡ್ರಿ.

ಕುಕನೂರಿನಾಕಿ

ಕುಬಸ ಛಂದಾಗಿ ಆತ್ರಿ. ಎಲ್ಲಾರಿಗೂ ಹೇಳಬೇಕಂತ ಇವತ್ತು ಕೂತೀನಿ.

ಮೊದಲ ಕೆಟ್ಟದ್ದು ಹೇಳಿಬಿಡ್ತೀನಿ. ಮೂರು ದಿನ ಮುಂಚೆ ಮಗ್ಗಲಮನಿ ಆಡು ಬೇಲಿ ಹಾರಿ ಬಂದು ಒಂದು ಸಾಲು ಸಪಾಟ ಮಾಡಿತು. ಇನ್ನಷ್ಟು ಗಿಡ ಆ ಹೊತ್ತಿಗೆ ಪೂರ್ತಿ ಅರಳಿ ಎಸಳು ಬಿಡಾಕ ಹತ್ತಿದ್ವು. ಒಂದೇ ದಿನ ಎಲ್ಲಾ ಊರಿದ್ದು ನನ್ನ ತಪ್ಪು, ಹತ್ತು ದಿನಕ್ಕೊಂದು ಸಾಲು ಊರಬೇಕಿತ್ತು. ಕೊನಿಗೆ ಕೈಗೆ ಸಿಕ್ಕಿದ್ದು 34 ಹೂ.

ಸಿಂಧನೂರು ಅಣ್ಣಾರ ಮಾತು ಕೇಳೂದೋ ಟೀಚರ್ ಮಾತು ಕೇಳೂದೋ ತಿಳೀಲಿಲ್ಲ, ಅರ್ಧ ಹಿಂದಿನ ದಿನ ಕೊಯ್ದೆ, ಅರ್ಧ ಅವತ್ತು ಐದೂವರಿಗೆ. ಖರೇ ಹೇಳ್ತೀನಿ, ಉಡಿ ತುಂಬೂತನಕ ಎರಡೂ ಒಂದೇ. ಮೂರರ ಮ್ಯಾಲೆ ಫರಕ್ ಕಂಡಿತು: ಅವತ್ತು ಕೊಯ್ದವು ಸ್ವಲ್ಪ ಬಗ್ಗಿದ್ವು, ಬಚ್ಚಲದಾಗ ಇಟ್ಟವು ಅಲುಗಲಿಲ್ಲ. ಅಣ್ಣಾರು ಸಿಟ್ಟಾಗಬ್ಯಾಡ್ರಿ.

ಅತ್ತೀ, ಬಾಟ್ಲಿ ಐಡಿಯಾ ಭಾರಿ ಆತು. ಆದ್ರ ಒಂದು ದಾರ ಸಡಲಾಗಿ ಆರತಿ ಹೊತ್ತಿನಾಗ ನೀರು ಬೀಗರ ಹೆಗಲ ಮ್ಯಾಲೆ ಸುರೀತು. ಮುತ್ತೈದೇರೆಲ್ಲಾ ಹಾಡು ಬಿಟ್ಟು ನಕ್ರು.

ಅಜ್ಜಿ ಮುಂಜಾನಿಂದ ಏನೂ ಅಂದಿರಲಿಲ್ಲ. ಮಂದಿ ಹೋದ ಮ್ಯಾಲೆ ದೊಡ್ಡು ನೋಡಿ ಎರಡು ಹೂ ಆರಿಸಿ, ಬೀಜಕ್ಕ ಇರಲಿ ಅಂತ ಅಡಗಿಮನಿ ಜಂತಿಗೆ ತಲಿಕೆಳಗ ಮಾಡಿ ಕಟ್ಯಾಳ. ಕಾಳು ಕಟ್ಟೂಕಿಂತ ಮುಂಚೆ ಕೊಯ್ದದ್ದು, ಒಳಗ ಏನೂ ಇರಂಗಿಲ್ಲ ಅಂದ್ರ ಕೇಳವಲ್ಲಳು. ದಿನಾ ಒಂದು ಕಿತ್ತು ಉಗುರಿಲೆ ಬಿಚ್ಚಿ ನೋಡತಾಳ, ಸಿಪ್ಪಿ ಊದಿ ಒಗದು ಮತ್ತ ಮರುದಿನ ಇನ್ನೊಂದು.